ಚಿಕ್ಕ ಬಲ್ಬ್, ದೊಡ್ಡ ತೊಂದರೆ

ಕಳೆದ ಮಳೆಗಾಲದಲ್ಲಿ ನನ್ನ ಮಾಮುವಿನ ಕಳೆ ಕತ್ತರಿಸುವ ಯಂತ್ರ ನಿಂತುಹೋಯಿತು. ಮಾಮು ಚನ್ನಗಿರಿ ಸುತ್ತಲಿನ ಅಡಿಕೆ ತೋಟಗಳಲ್ಲಿ ಬಾಡಿಗೆಗೆ ಕಳೆ ಹೊಡೆಯುತ್ತಾರೆ. ಮಳೆ ಬಿದ್ದ ಮೇಲೆ ಹುಲ್ಲು ಕಾಯುವುದಿಲ್ಲ, ತೋಟದವರೂ ಕಾಯುವುದಿಲ್ಲ. ಯಂತ್ರ ನಿಂತ ದಿನ ಸಂಪಾದನೆ ಇಲ್ಲ. ಒಂದು ಅಂಗಡಿಯಲ್ಲಿ "ಕಾರ್ಬ್ಯುರೇಟರ್ ಪೂರ್ತಿ ಬದಲಿಸಬೇಕು" ಎಂದರು. ಮಾಮು ಮನೆಗೆ ತಂದು ನೋಡಿದರೆ ಕೆಟ್ಟಿದ್ದು ಬರೀ ಪ್ರೈಮರ್ ಬಲ್ಬ್. ಬಲ್ಬ್ ಎಂದಾಗ ನಾನು ದೀಪದ ಬಲ್ಬ್ ಎಂದುಕೊಂಡಿದ್ದೆ!

ಇದು ಕಾರ್ಬ್ಯುರೇಟರ್ ಬಳಿ ಇರುವ, ಬೆರಳಿನಿಂದ ಒತ್ತುವ ಪಾರದರ್ಶಕ ಗುಳ್ಳೆ. ಒತ್ತಿ ಬಿಟ್ಟಾಗ ಟ್ಯಾಂಕಿನ ಪೆಟ್ರೋಲನ್ನು ಎಳೆದು ಕಾರ್ಬ್ಯುರೇಟರ್ ತುಂಬಿಸುತ್ತದೆ. ಒಳಗಿನ ಗಾಳಿ ಮತ್ತು ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ಮರಳುತ್ತವೆ. ಬಿಸಿಲು, ಪೆಟ್ರೋಲ್ ಮತ್ತು ಅದರಲ್ಲಿ ಬೆರೆತ ಎಥನಾಲ್‌ನಿಂದ ಬಲ್ಬ್ ಕಾಲಕ್ರಮೇಣ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಆಗ ಪೆಟ್ರೋಲ್ ಬದಲು ಗಾಳಿ ಬರುತ್ತದೆ. ಎಷ್ಟು ಹಗ್ಗ ಎಳೆದರೂ ಎಂಜಿನ್ ಹತ್ತುವುದಿಲ್ಲ.

ಬದಲಿಸುವ ಕ್ರಮ ಹೀಗೆ:

1. ಎಂಜಿನ್ ಪೂರ್ತಿ ತಣ್ಣಗಾಗಲಿ. ಸ್ಪಾರ್ಕ್ ಪ್ಲಗ್‌ನ ವೈರ್ ಕಳಚಿ. ಟ್ಯಾಂಕ್ ಖಾಲಿ ಮಾಡಿ. ಕೆಲಸ ಬಯಲಲ್ಲೇ ಆಗಲಿ. ಒಲೆ, ಬೀಡಿ ಹತ್ತಿರ ಇರಬಾರದು.

2. ಬಲ್ಬಿನ ಸುತ್ತಲಿನ ಧೂಳು ಒರೆಸಿ. ಒಳಗೆ ಒಂದು ಕಸ ಬಿದ್ದರೂ ಹೊಸ ತೊಂದರೆ.

3. ಬಲ್ಬನ್ನು ಹಿಡಿದಿರುವ ಪಟ್ಟಿಯ ಸ್ಕ್ರೂ ಬಿಚ್ಚಿ ಹಳೆಯದನ್ನು ತೆಗೆಯಿರಿ. ಅದರ ಕೆಳಗೆ ಅಣಬೆಯಂಥ ಚಿಕ್ಕ ರಬ್ಬರ್ ವಾಲ್ವ್ ಇದ್ದರೆ ಕಳೆಯಬೇಡಿ. ಕೆಲವು ಯಂತ್ರಗಳಲ್ಲಿ ಬಲ್ಬಿಗೇ ಎರಡು ಪೈಪ್ ಇರುತ್ತವೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಅದಲುಬದಲಾದರೆ ಪೆಟ್ರೋಲ್ ಬಾರದು.

4. ಹಳೆಯ ಬಲ್ಬನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ. ಅಂಚು ಸಮವಾಗಿ ಕೂರಿಸಿ, ಎರಡೂ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಅತಿಯಾಗಿ ಬಿಗಿದರೆ ಪಟ್ಟಿ ಬಾಗಿ ಸೋರುತ್ತದೆ.

5. ಪೆಟ್ರೋಲ್ ಹಾಕಿ ಏಳೆಂಟು ಸಲ ಒತ್ತಿ. ಬಲ್ಬ್ ತುಂಬಿ, ಎಲ್ಲೂ ಸೋರದಿದ್ದರೆ ಪ್ಲಗ್ ವೈರ್ ಸಿಕ್ಕಿಸಿ ಸ್ಟಾರ್ಟ್ ಮಾಡಿ. ಗಾಳಿಗುಳ್ಳೆ ನಿಲ್ಲದಿದ್ದರೆ ಪೈಪಿನಲ್ಲಿ ಬಿರುಕಿದೆಯೇ ನೋಡಿ. ಒತ್ತಿದ ಬಲ್ಬ್ ಮೇಲೇಳದಿದ್ದರೆ ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿರಬಹುದು.

ಲೆಕ್ಕಶಾಸ್ತ್ರದ ತರಗತಿಯಲ್ಲಿ ನಾವು ಸವಕಳಿಯನ್ನು ವರ್ಷಕ್ಕೊಮ್ಮೆ ಬರೆಯುತ್ತೇವೆ. ಯಂತ್ರದಲ್ಲಿ ಅದು ದಿನಾಲೂ ನಡೆಯುತ್ತದೆ, ಮೊದಲು ರಬ್ಬರಿನಲ್ಲಿ. ಒಂದು ಬಲ್ಬಿನ ಬೆಲೆ ಹೊಸ ಕಾರ್ಬ್ಯುರೇಟರಿನ ಮುಂದೆ ಏನೂ ಅಲ್ಲ. ಮಾಮು ಈಗ ಒಂದು ಬಲ್ಬನ್ನು ಸದಾ ಡಬ್ಬಿಯಲ್ಲಿಟ್ಟುಕೊಂಡೇ ತೋಟಕ್ಕೆ ಹೋಗುತ್ತಾರೆ. ನಿಮ್ಮ ಮನೆಯಲ್ಲೂ ಇಂಥ ಯಂತ್ರವಿದ್ದರೆ, ಮಳೆಗೆ ಮುಂಚೆ ಒಮ್ಮೆ ಆ ಬಲ್ಬನ್ನು ಒತ್ತಿ ನೋಡಿ.