ಒಲೆಗೆ ಸೌದೆ ಹಾಕ್ತೀರಾ, ನೀರು ಹಾಕ್ತೀರಾ?

ಇಂಗ್ಲೆಂಡಿನಲ್ಲಿ ಹಸಿ ಸೌದೆಯ ಚೀಲ ಮಾರೋದು ಕಾನೂನಿಗೆ ವಿರುದ್ಧ.
ಯಾಕೆ ಗೊತ್ತಾ?

ಅಲ್ಲಿ ಚಳಿಗಾಲದಲ್ಲಿ ಮನೆ ಬೆಚ್ಚಗಿಡೋಕೆ
ಇವತ್ತಿಗೂ ಎಷ್ಟೋ ಜನ ಸೌದೆ ಒಲೆ ಉರಿಸ್ತಾರೆ.

ಈಗ ತಾನೇ ಕಡಿದ ಮರ ನೋಡಿ.
ಎಷ್ಟೋ ಜಾತಿಗಳಲ್ಲಿ ಅರ್ಧ ತೂಕ ನೀರೇ!
ಅಂಥ ಎರಡು ಕಿಲೋ ಕೊರಡು ಒಲೆಗೆ ಹಾಕಿದರೆ,
ಒಂದು ಲೀಟರ್ ಬಾಟಲಿ ನೀರನ್ನೂ ಬೆಂಕಿಗೆ ಸುರಿದ ಹಾಗೆ.

ಬೆಂಕಿ ಮೊದಲು ಆ ನೀರನ್ನು ಆವಿ ಮಾಡಬೇಕು.
ಕೋಣೆ ಬೆಚ್ಚಗಾಗೋದು ಆಮೇಲೆ.
ಅಷ್ಟರಲ್ಲಿ ಹೊಗೆ ಎದ್ದಿರುತ್ತೆ.
ಚಿಮಣಿಯೊಳಗೆ ಜಿಗುಟು ಟಾರು ಕೂರುತ್ತೆ.
ಒಂದಿನ ಆ ಟಾರಿಗೇ ಬೆಂಕಿ ಹತ್ತಬಹುದು.

ಅದಕ್ಕೇ 2021ರ ಮೇ ತಿಂಗಳಿಂದ ಅಲ್ಲೊಂದು ನಿಯಮ.
ಸಣ್ಣ ಪ್ರಮಾಣದಲ್ಲಿ ಮಾರುವ ಸೌದೆಯಲ್ಲಿ
ತೇವ ಶೇ. 20 ದಾಟಬಾರದು.

ಒಣಗಿಸೋಕೆ ಯಂತ್ರವೇ ಬೇಕಂತಿಲ್ಲ.
ಸೀಳಿ.
ನೆಲಕ್ಕೆ ತಾಗದ ಹಾಗೆ ಒಟ್ಟಿ.
ಮೇಲೊಂದು ಸೂರು, ಪಕ್ಕದಲ್ಲಿ ಗಾಳಿಗೆ ದಾರಿ.
ಒಂದೆರಡು ಬೇಸಿಗೆ ಕಾಯಿರಿ.
ಓಕ್ ಮರಕ್ಕಾದರೆ ಇನ್ನಷ್ಟು ತಾಳ್ಮೆ ಬೇಕು.

ಸರಿ, ಮರ ಎಲ್ಲಿಂದ?
ನನಗೆ ತುಂಬಾ ಇಷ್ಟವಾದ ಭಾಗ ಇದು.
ಆಶ್, ಹೇಜಲ್ ಮರಗಳನ್ನು ಬುಡದ ಹತ್ತಿರ ಕಡೀತಾರೆ.
ಬೇರು ಕೀಳಲ್ಲ.
ಬುಡದ ಸುತ್ತ ಹೊಸ ಚಿಗುರು ಏಳುತ್ತೆ.
ಕೆಲವು ವರ್ಷ ಬಿಟ್ಟು, ಅದೇ ಬುಡದಿಂದ ಮತ್ತೆ ಸೌದೆ!
ಇಡೀ ಕಾಡನ್ನು ಒಟ್ಟಿಗೇ ಮುಟ್ಟಲ್ಲ,
ಸರದಿ ಪ್ರಕಾರ ಒಂದೊಂದೇ ಭಾಗ.
ಕಡಿದ ಜಾಗಕ್ಕೆ ಬಿಸಿಲು ಬಿದ್ದು
ಕಾಡುಹೂಗಳು ಅರಳ್ತವೆ, ಚಿಟ್ಟೆಗಳು ಬರ್ತವೆ.
ಇಂಗ್ಲೆಂಡಿನ ಸಫೋಕ್‌ನ ಬ್ರ್ಯಾಡ್‌ಫೀಲ್ಡ್ ಕಾಡಿನಲ್ಲಿ
1252ರಿಂದಲೂ ಈ ಪದ್ಧತಿ ನಡೆದುಬಂದಿದೆ.

ಇನ್ನೊಂದು ಮಾತು.
ಒಣ ಸೌದೆಗೂ ಹೊಗೆ ಇದ್ದೇ ಇರುತ್ತೆ, ಕಡಿಮೆ ಅಷ್ಟೇ.
ಮನೆಯಲ್ಲಿ ಆಸ್ತಮಾ ಇರೋರಿದ್ದರೆ ಅದೂ ಬೇಡ.