ಒಂದು ಕುಲಾವಿಯ ವಿಜ್ಞಾನ

ಮಾರ್ಗಶಿರದ ಚಳಿ ಕಾಲಿಟ್ಟ ಕೂಡಲೇ ಟ್ರಂಕಿನ ತಳದಲ್ಲಿದ್ದ ಸ್ವೆಟರ್, ಶಾಲು, ಕಂಬಳಿಗಳು ಹೊರಬರುತ್ತವೆ. ಮನೆಯಲ್ಲಿ ಬಾಣಂತಿ ಇದ್ದರೆ ಯಾರಾದರೊಬ್ಬರು ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ಹಿಡಿದು ಕೂಸಿಗೆ ಕುಲಾವಿ ಹೆಣೆಯಲು ಕೂರುತ್ತಾರೆ. ಅಂಗೈಯಗಲದ ಈ ಟೋಪಿಯಲ್ಲಿ ಉಷ್ಣ ವಿಜ್ಞಾನವಿದೆ, ರಸಾಯನ ವಿಜ್ಞಾನವಿದೆ, ಗಣಿತವೂ ಇದೆ. ಕೆಲವೊಮ್ಮೆ ಒಂದು ಜೀವದ ಪ್ರಶ್ನೆಯೂ ಇದೆ.

ಸ್ವೆಟರ್ ಬಿಸಿ ಕೊಡುತ್ತದೆಯೇ?

ತರಗತಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ. ಹೆಚ್ಚಿನ ಮಕ್ಕಳು 'ಹೌದು' ಎನ್ನುತ್ತಾರೆ. ಈಗ ಒಂದೇ ಗಾತ್ರದ ಎರಡು ಮಂಜುಗಡ್ಡೆಗಳನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಒಂದನ್ನು ಉಣ್ಣೆ ಬಟ್ಟೆಯಲ್ಲಿ ಸುತ್ತಿಡಿ. ಇನ್ನೊಂದನ್ನು ಹಾಗೆಯೇ ಬಿಡಿ. ಬಟ್ಟೆಯೊಳಗಿನ ಮಂಜು ನಿಧಾನವಾಗಿ ಕರಗುತ್ತದೆ. ಸ್ವೆಟರ್ ಬಿಸಿಯನ್ನು ತಯಾರಿಸುವುದಿಲ್ಲ, ಉಷ್ಣದ ಹರಿವನ್ನು ತಡೆಯುತ್ತದೆ ಅಷ್ಟೆ. ಬಿಸಿಯನ್ನು ತಯಾರಿಸುವುದು ನಮ್ಮ ದೇಹ. ಸುಮ್ಮನೆ ಕುಳಿತಿರುವ ವಯಸ್ಕರ ದೇಹದಿಂದ ಸೆಕೆಂಡಿಗೆ ಸುಮಾರು 100 ಜೂಲ್ ಉಷ್ಣ ಹೊರಬೀಳುತ್ತದೆ.

ತಡೆಯುವ ಕೆಲಸವನ್ನು ಮುಖ್ಯವಾಗಿ ಮಾಡುವುದು ಉಣ್ಣೆಯಲ್ಲ, ಗಾಳಿ. 300 ಗ್ರಾಂ ತೂಕದ, 3 ಮಿಲಿಮೀಟರ್ ದಪ್ಪದ ಒಂದು ಸ್ವೆಟರಿನ ಒಟ್ಟು ವಿಸ್ತೀರ್ಣ 1 ಚದರ ಮೀಟರ್ ಎಂದಿಟ್ಟುಕೊಳ್ಳಿ. ಅದರ ಗಾತ್ರ 3000 ಘನ ಸೆಂಟಿಮೀಟರ್ ಆಯಿತು. ಉಣ್ಣೆಯ ಸಾಂದ್ರತೆ ಘನ ಸೆಂಟಿಮೀಟರಿಗೆ 1.31 ಗ್ರಾಂ. ಹಾಗಾಗಿ ಅದರಲ್ಲಿರುವ ಎಳೆಗಳ ಗಾತ್ರ ಸುಮಾರು 230 ಘನ ಸೆಂಟಿಮೀಟರ್ ಮಾತ್ರ. ಉಳಿದ ಶೇಕಡಾ 92ರಷ್ಟು ಬರಿಯ ಗಾಳಿ!

ಗಾಳಿಯ ಉಷ್ಣವಾಹಕತೆ ತೀರಾ ಕಡಿಮೆ: ಮೀಟರ್-ಕೆಲ್ವಿನ್‌ಗೆ ಸುಮಾರು 0.026 ವಾಟ್. ನೀರಿನದು ಸುಮಾರು 0.6, ಅಂದರೆ ಗಾಳಿಯ 23 ಪಟ್ಟು. ಆದರೆ ಗಾಳಿ ಅಡ್ಡಾಡುವಂತಿದ್ದರೆ ಸಂವಹನದ ಮೂಲಕ ಉಷ್ಣವನ್ನು ಹೊತ್ತೊಯ್ದುಬಿಡುತ್ತದೆ. ಅದನ್ನು ಸಣ್ಣ ಸಣ್ಣ ಸಂದುಗಳಲ್ಲಿ ಕದಲದಂತೆ ಹಿಡಿದಿಡಬೇಕು. ಉಣ್ಣೆಯ ಎಳೆಗಳು ಸಹಜವಾಗಿ ಗುಂಗುರಾಗಿರುವುದರಿಂದ ಒತ್ತೊತ್ತಾಗಿ ಕೂರುವುದಿಲ್ಲ. ಸಂದುಗಳು ಉಳಿಯುತ್ತವೆ, ಗಾಳಿ ಸೆರೆಯಾಗುತ್ತದೆ.

ಬಟ್ಟೆಯ ಬೆಚ್ಚನೆಯ ಗುಣವನ್ನು ಅಳೆಯಲು 1941ರಲ್ಲಿ 'ಕ್ಲೋ' ಎಂಬ ಮಾನವನ್ನು ರೂಪಿಸಲಾಯಿತು. 21 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ ಸುಮ್ಮನೆ ಕುಳಿತವರಿಗೆ ಹಿತವೆನಿಸುವಷ್ಟು ಉಡುಪಿನ ಉಷ್ಣರೋಧವೇ 1 ಕ್ಲೋ. ಲೆಕ್ಕ ಹಾಕಿದರೆ ಇದು ಕದಲದ ಗಾಳಿಯ ಬರಿಯ 4 ಮಿಲಿಮೀಟರ್ ಪದರಕ್ಕೆ ಸಮ. ದಪ್ಪನೆಯ ಒಂದೇ ಸ್ವೆಟರಿಗಿಂತ ತೆಳುವಾದ ಎರಡು ಉಡುಪುಗಳು ಬೆಚ್ಚಗೆನಿಸುವುದಕ್ಕೆ ಅವುಗಳ ನಡುವೆ ಸಿಕ್ಕಿಕೊಳ್ಳುವ ಗಾಳಿಯ ಪದರವೇ ಕಾರಣ. ಅದೇ ಉಡುಪಿನೊಡನೆ ಬೈಕ್ ಏರಿದರೆ ಗಾಳಿ ಕುಣಿಕೆಗಳ ನಡುವೆ ನುಗ್ಗಿ ಸೆರೆಯಲ್ಲಿದ್ದ ಗಾಳಿಯನ್ನು ಹೊರದೂಡುತ್ತದೆ. ಆಗ ಮೇಲೊಂದು ಗಾಳಿ ತೂರದ ಹೊದಿಕೆ ಬೇಕಾಗುತ್ತದೆ.

ಕೂಸಿಗೇಕೆ ಹೆಚ್ಚು ಚಳಿ?

60 ಕಿಲೋಗ್ರಾಂ ತೂಕದ ವಯಸ್ಕರ ಚರ್ಮದ ವಿಸ್ತೀರ್ಣ ಸುಮಾರು 1.7 ಚದರ ಮೀಟರ್. 3 ಕಿಲೋಗ್ರಾಂ ತೂಗುವ ಕೂಸಿನದು ಸುಮಾರು 0.2 ಚದರ ಮೀಟರ್. ಕಿಲೋಗ್ರಾಂಗೆ ಎಷ್ಟು ಎಂದು ಭಾಗಿಸಿ ನೋಡಿ. ದೊಡ್ಡವರಿಗೆ ಸುಮಾರು 280 ಚದರ ಸೆಂಟಿಮೀಟರ್ ಬಂದರೆ ಕೂಸಿಗೆ 660ಕ್ಕಿಂತ ಹೆಚ್ಚು. ತೂಕಕ್ಕೆ ಹೋಲಿಸಿದರೆ ಕೂಸು ಉಷ್ಣ ಕಳೆದುಕೊಳ್ಳುವ ಮೇಲ್ಮೈ ಎರಡು ಪಟ್ಟಿಗೂ ಮಿಗಿಲು. ಸಾಲದೆಂಬಂತೆ, ವಯಸ್ಕರಲ್ಲಿ ತಲೆಯ ಪಾಲು ಒಟ್ಟು ಮೇಲ್ಮೈಯ ಶೇಕಡಾ 9ರಷ್ಟಿದ್ದರೆ ನವಜಾತ ಶಿಶುವಿನಲ್ಲಿ ಅದು ಶೇಕಡಾ 20ರ ಆಸುಪಾಸು. ಚಳಿಯಾದಾಗ ಕೂಸು ನಮ್ಮಂತೆ ನಡುಗಿ ಬಿಸಿಯನ್ನು ಹುಟ್ಟಿಸಿಕೊಳ್ಳಲಾರದು. ಬೆನ್ನು, ಕುತ್ತಿಗೆಗಳ ಬಳಿಯ ಕಂದು ಕೊಬ್ಬನ್ನು ಉರಿಸಿ ಬಿಸಿ ಪಡೆಯುತ್ತದೆ. ದಿನ ತುಂಬದೆ ಹುಟ್ಟಿದ ಮಗುವಿನಲ್ಲಿ ಈ ಕೊಬ್ಬು ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನವಜಾತ ಶಿಶುವಿನ ಸಹಜ ತಾಪ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಇಳಿದರೆ ಅಲ್ಪೋಷ್ಣತೆ. 32ಕ್ಕಿಂತ ಕೆಳಗಿಳಿದರೆ ತೀವ್ರ ಅಪಾಯ. ಹುಟ್ಟಿದೊಡನೆ ಮೈ ಒರೆಸುವುದು, ಕನಿಷ್ಠ 24 ಗಂಟೆ ಸ್ನಾನ ಮಾಡಿಸದಿರುವುದು, ತಲೆಗೆ ಟೋಪಿ ಹಾಕುವುದು ಎಲ್ಲವೂ ಇದಕ್ಕಾಗಿಯೇ. ಎಲ್ಲಕ್ಕಿಂತ ಮಿಗಿಲಾದದ್ದು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕೂಸನ್ನು ಇರಿಸಿಕೊಳ್ಳುವುದು. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಆರಂಭವಾದ ಈ 'ಕಾಂಗರೂ ಆರೈಕೆ'ಯನ್ನು ದಿನ ತುಂಬದ ಮತ್ತು ಕಡಿಮೆ ತೂಕದ ಶಿಶುಗಳಿಗೆ ಹುಟ್ಟಿದೊಡನೆಯೇ ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ವ್ಯಾಪಕವಾಗಿ ಜಾರಿಗೆ ತರುವ ಅಧ್ಯಯನ ನಡೆದಿದೆ. ಎದೆಗವಚಿದ ಕೂಸಿನ ಮೈಗೆ ತಾಯಿಯೇ ಬಿಸಿ. ಹೊರಗುಳಿಯುವ ತಲೆಗೆ ಕುಲಾವಿ ಬೇಕು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಕೂಸಿನ ಹೊಟ್ಟೆ ಮತ್ತು ಅಂಗಾಲು ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಕೂಸಿಗೆ ಚಳಿಯಾಗುತ್ತಿದೆ. ಎರಡೂ ತಣ್ಣಗಿದ್ದರೆ ಎದೆಗವಚಿಕೊಂಡೇ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬೆವರುವಷ್ಟು ಹೊದಿಸುವುದೂ ತಪ್ಪು.

ಕುಣಿಕೆಗಳ ಲೆಕ್ಕ

ನೇಯ್ದ ಬಟ್ಟೆಯಲ್ಲಿ ಹಾಸು, ಹೊಕ್ಕು ಎಂಬ ಎರಡು ಗುಂಪಿನ ನೇರ ಎಳೆಗಳಿರುತ್ತವೆ. ಹೆಣಿಗೆಯಲ್ಲಿ ಒಂದೇ ಎಳೆ ಸಾಲುಸಾಲಾಗಿ ಕುಣಿಕೆಗಳಾಗಿ ಬಾಗುತ್ತದೆ. ಪ್ರತಿ ಕುಣಿಕೆಯೂ ಕೆಳಗಿನ ಕುಣಿಕೆಯೊಳಗಿಂದ ಹೊರಬಂದಿರುತ್ತದೆ. ಎಲ್ಲಿಯೂ ಗಂಟಿಲ್ಲ. ಕಡ್ಡಿಯಿಂದ ಒಂದು ಕುಣಿಕೆ ಜಾರಿದರೆ ಕೆಳಗಿನದೆಲ್ಲ ಏಣಿಯಂತೆ ಬಿಚ್ಚಿಕೊಳ್ಳುವುದು ಇದರಿಂದಲೇ. ಹೆಣಿಗೆಯನ್ನು ಎಳೆದಾಗ ಉಣ್ಣೆಯ ಎಳೆ ಹೆಚ್ಚೇನೂ ಹಿಗ್ಗುವುದಿಲ್ಲ. ಬಾಗಿದ ಕುಣಿಕೆ ಆಕಾರ ಬದಲಿಸುತ್ತದೆ. ಕೈಬಿಟ್ಟಾಗ ಮರಳಿ ಬಾಗುತ್ತದೆ.

ಕುಣಿಕೆಗಳು ಎರಡೇ ಬಗೆ: ಸೀದಾ ಮತ್ತು ಉಲ್ಟಾ. ಒಂದನ್ನು ಹಿಂಬದಿಯಿಂದ ನೋಡಿದರೆ ಅದೇ ಇನ್ನೊಂದು. ಮುಂಬದಿ ಎಲ್ಲವೂ ಸೀದಾ ಇದ್ದರೆ ಬಟ್ಟೆಯ ಅಂಚು ಸುರುಳಿಯಾಗುತ್ತದೆ. ಒಂದು ಸೀದಾ, ಒಂದು ಉಲ್ಟಾ ಎಂದು ಕಂಬಸಾಲು ಹಾಕಿದರೆ ಸೀದಾ ಕಂಬಗಳು ಮುಂದೆ ಉಬ್ಬಿ, ಉಲ್ಟಾ ಕಂಬಗಳು ಹಿಂದೆ ಸರಿದು ಬಟ್ಟೆ ನಿರಿಗೆಯಾಗುತ್ತದೆ. ಎಳೆದರೆ ನಿರಿಗೆ ಬಿಡಿಸಿಕೊಂಡು ಅಡ್ಡಡ್ಡಲಾಗಿ ಚೆನ್ನಾಗಿ ಹಿಗ್ಗುತ್ತದೆ. ಸ್ವೆಟರಿನ ಮಣಿಕಟ್ಟಿಗೂ ಕುಲಾವಿಯ ಅಂಚಿಗೂ ಇದೇ ಹೆಣಿಗೆ. ಒಂದೇ ನೂಲು ಕುಣಿಕೆಯ ವಿನ್ಯಾಸ ಬದಲಾದಂತೆ ಹೇಗೆ ಬೇರೆ ಬೇರೆ ಸ್ಥಿತಿಸ್ಥಾಪಕತೆ ತೋರುತ್ತದೆ ಎಂಬುದನ್ನು ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಭೌತವಿಜ್ಞಾನಿ ಎಲಿಸಬೆಟ್ಟಾ ಮಾತ್ಸುಮೋಟೊ ಮತ್ತು ಸಂಗಡಿಗರು ನಾಲ್ಕು ಬಗೆಯ ಹೆಣಿಗೆಗಳ ಮೇಲೆ ಪ್ರಯೋಗ ಮಾಡಿ 2024ರಲ್ಲಿ ಪ್ರಕಟಿಸಿದರು.

ಇನ್ನು ಅಳತೆ. ನವಜಾತ ಶಿಶುವಿನ ತಲೆಯ ಸುತ್ತಳತೆ ಸುಮಾರು 34 ಸೆಂಟಿಮೀಟರ್. ಕುಲಾವಿ ತುಸು ಬಿಗಿಯಾಗಿ ಕೂರಲು 30 ಸೆಂಟಿಮೀಟರ್ ಸಾಕು ಎನ್ನೋಣ. ಮಾದರಿ ತುಂಡೊಂದನ್ನು ಹೆಣೆದು ಅಳೆದಾಗ 10 ಸೆಂಟಿಮೀಟರಿಗೆ 22 ಕುಣಿಕೆ ಬಂದರೆ, ಹಾಕಬೇಕಾದ ಕುಣಿಕೆ 66. ಕೈ ಸಡಿಲವಾಗಿ 10 ಸೆಂಟಿಮೀಟರಿಗೆ 20 ಕುಣಿಕೆ ಬರುವವರು ಅದೇ 66 ಹಾಕಿದರೆ 33 ಸೆಂಟಿಮೀಟರ್ ಆಗಿ ಕುಲಾವಿ ಜಾರುತ್ತದೆ. ಅನುಪಾತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಉಣ್ಣೆಯೋ, ಅಕ್ರಿಲಿಕ್ಕೋ?

ಅಂಗಡಿಯಲ್ಲಿ 'ಉಲ್ಲನ್' ಎಂದು ಕೊಳ್ಳುವ ಅನೇಕ ಉಂಡೆಗಳು ಅಕ್ರಿಲಿಕ್ ನೂಲು. ಉಣ್ಣೆ ನಮ್ಮ ಕೂದಲಿನಂತೆಯೇ ಕೆರಾಟಿನ್ ಎಂಬ ಪ್ರೋಟೀನು. ಅದು ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ತೇವವನ್ನು ಎಳೆಯೊಳಕ್ಕೆ ಹೀರಿಕೊಂಡರೂ ಒದ್ದೆಯೆನಿಸುವುದಿಲ್ಲ. ಸಂದುಗಳ ಗಾಳಿ ಹಾಗೆಯೇ ಉಳಿಯುತ್ತದೆ. ಆವಿಯನ್ನು ಹೀರಿಕೊಳ್ಳುವಾಗ ಉಷ್ಣವೂ ಬಿಡುಗಡೆಯಾಗುತ್ತದೆ. 300 ಗ್ರಾಂ ಸ್ವೆಟರ್ 30 ಗ್ರಾಂ ಆವಿ ಹೀರಿದರೆ, ಗ್ರಾಂಗೆ 2.4 ಕಿಲೋಜೂಲ್‌ನಂತೆ 70 ಕಿಲೋಜೂಲ್‌ಗೂ ಹೆಚ್ಚು. ಇದು ದೇಹ 12 ನಿಮಿಷಗಳಲ್ಲಿ ಹೊರಬಿಡುವ ಉಷ್ಣಕ್ಕೆ ಸಮ. ಮೊದಲು ಹೇಳಿದ ಮಾತಿಗೆ ಇದೊಂದು ಪುಟ್ಟ ಅಪವಾದ. ಆದರೆ ಈ ಬಿಸಿ ತಾತ್ಕಾಲಿಕ. ಒಣಗುವಾಗ ಉಣ್ಣೆ ಅದನ್ನು ಮರಳಿ ಕೇಳುತ್ತದೆ.

ಎಲ್ಲ ಉಣ್ಣೆಯೂ ಕೂಸಿಗೆ ಒಗ್ಗದು. ಎಳೆಯ ದಪ್ಪ 30 ಮೈಕ್ರೋಮೀಟರ್ ಮೀರಿದರೆ ಚರ್ಮಕ್ಕೆ ಚುಚ್ಚುತ್ತದೆ. ನಮ್ಮ ದಖನಿ ಕುರಿಯ ಒರಟು ಉಣ್ಣೆ ಕಂಬಳಿಗೆ ಒಳ್ಳೆಯದು, ಕುಲಾವಿಗಲ್ಲ. ಮೃದುವಾದ ಹತ್ತಿಯ ಒಳಪದರವಿದ್ದರೆ ಯಾವ ನೂಲಾದರೂ ಸರಿಯೇ. ಒದ್ದೆಯಾದ ಕುಲಾವಿಯನ್ನು ಮಾತ್ರ ಕೂಡಲೇ ಬದಲಿಸಬೇಕು.

ಉಣ್ಣೆಯ ಎಳೆಯ ಮೇಲೆ ಹೆಂಚು ಹೊದಿಸಿದಂತೆ ಒಮ್ಮುಖವಾದ ಹುರುಪೆಗಳಿವೆ. ಬಿಸಿನೀರು, ಸೋಪು ಮತ್ತು ತಿಕ್ಕಾಟ ಮೂರೂ ಸೇರಿದರೆ ಎಳೆಗಳು ಒಂದೇ ದಿಕ್ಕಿಗೆ ಸರಿದು, ಹಿಂದೆ ಬಾರದೆ ಒಂದರೊಡನೊಂದು ಹೆಣೆದುಕೊಂಡು ಬಟ್ಟೆ ಕುಗ್ಗುತ್ತದೆ. ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ಹರಡಿ ಒಣಗಿಸಿ.

ಎರಡು ಎಚ್ಚರಿಕೆಗಳು

ಅಕ್ಕನ ಕುಲಾವಿ ತಮ್ಮನಿಗೆ ಬರುವುದು ನಮ್ಮಲ್ಲಿ ವಾಡಿಕೆ. ನಡುವಿನ ವರ್ಷಗಳಲ್ಲಿ ಅದು ನುಸಿಗುಳಿಗೆಯ ಜೊತೆ ಟ್ರಂಕಿನಲ್ಲಿರುತ್ತದೆ. ಅನೇಕ ನುಸಿಗುಳಿಗೆಗಳಲ್ಲಿರುವ ನ್ಯಾಫ್ತಲೀನ್ ಆವಿ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಈ ಕೊರತೆ ನೋಡಿದರೆ ತಿಳಿಯುವುದಿಲ್ಲ. ಆದ್ದರಿಂದ ಕೂಸಿನ ಬಟ್ಟೆಗೆ ನುಸಿಗುಳಿಗೆ ಬೇಡವೇ ಬೇಡ. ಒಗೆದು, ಚೆನ್ನಾಗಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿಟ್ಟರೆ ನುಸಿಯ ಕಾಟ ತಪ್ಪುತ್ತದೆ.

ಎರಡನೆಯದು, ಬಾಣಂತಿ ಕೋಣೆಯ ಕೆಂಡದ ಅಗ್ಗಿಷ್ಟಿಕೆ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಹೀಮೋಗ್ಲೋಬಿನ್ ಜೊತೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಏಳದೆ ಹೋಗಬಹುದು. ಕಿಡಿ ತಾಗಿದರೆ ಅಕ್ರಿಲಿಕ್ ಕರಗಿ ಉರಿಯುತ್ತ ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಸುಲಭವಾಗಿ ಹತ್ತಿಕೊಳ್ಳದು.

ಮಾಡಿ ನೋಡಿ

1. ಒಂದೇ ಬಗೆಯ ಮೂರು ಸ್ಟೀಲ್ ಲೋಟಗಳಲ್ಲಿ ಒಂದೇ ಅಳತೆಯ ಬಿಸಿನೀರು ತುಂಬಿ, ತಟ್ಟೆ ಮುಚ್ಚಿ. ಒಂದು ಬರಿದಾಗಿರಲಿ, ಒಂದಕ್ಕೆ ಒಣ ಉಣ್ಣೆ ಕಾಲುಚೀಲ, ಇನ್ನೊಂದಕ್ಕೆ ಪೂರಾ ಒದ್ದೆ ಮಾಡಿದ ಕಾಲುಚೀಲ ತೊಡಿಸಿ. 5 ನಿಮಿಷಕ್ಕೊಮ್ಮೆ ತಾಪ ಗುರುತಿಸಿ ನಕ್ಷೆ ಬರೆಯಿರಿ. ಒದ್ದೆ ಕಾಲುಚೀಲದ ಲೋಟ ಬರಿಯ ಲೋಟಕ್ಕಿಂತ ಬೇಗ ತಣಿಯುತ್ತದೆಯೇ? ಫ್ಯಾನಿನ ಕೆಳಗೆ ಮತ್ತೊಮ್ಮೆ ಮಾಡಿ.

2. ಎರಡು ಬಗೆಯ ನೂಲಿನ ತುಂಡುಗಳನ್ನು ಶಿಕ್ಷಕರ ಎದುರಿನಲ್ಲಿ, ಇಕ್ಕಳದಿಂದ ಹಿಡಿದು, ಪಕ್ಕದಲ್ಲಿ ನೀರಿಟ್ಟುಕೊಂಡು ಸುಡಿ. ಕೂದಲು ಸುಟ್ಟ ವಾಸನೆ, ಪುಡಿಯಾಗುವ ಬೂದಿ ಬಂದರೆ ಉಣ್ಣೆ. ಕರಗಿ ಗಟ್ಟಿ ಕಪ್ಪು ಮಣಿಯಾದರೆ ಅಕ್ರಿಲಿಕ್.

3. ಸೀದಾ ಹೆಣಿಗೆ ಮತ್ತು ಕಂಬಸಾಲಿನ ಹೆಣಿಗೆಯ ಸಮಾನ ಪಟ್ಟಿಗಳಿಗೆ 50 ಗ್ರಾಂನಂತೆ ತೂಕ ಕಟ್ಟುತ್ತ ಹಿಗ್ಗುವಿಕೆ ಅಳೆಯಿರಿ. ಯಾವುದರ ನಕ್ಷೆ ಸರಳರೇಖೆಗೆ ಹತ್ತಿರ?

ಹೆಣೆಯಲು ಬಾರದಿದ್ದರೆ ಮನೆಯ ಹಿರಿಯರನ್ನು ತರಗತಿಗೆ ಕರೆಯಿರಿ. ಪ್ರಯೋಗ ಮುಗಿದ ಮೇಲೆ ನೂಲು ಮಿಕ್ಕಿದ್ದರೆ 66 ಕುಣಿಕೆ ಹಾಕಿ. ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಕುಲಾವಿ ಬೇಕೇ ಎಂದು ದಾದಿಯರನ್ನು ಕೇಳಿ ಕೊಟ್ಟುಬನ್ನಿ.