ಮಳೆ ರಜೆ ಯಾರ ಪಾಲು?

2024ರ ಅಕ್ಟೋಬರ್ 21ರ ಸೋಮವಾರ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ದಸರಾ ರಜೆ ಮುಗಿದು ಎರಡನೇ ಅವಧಿಯ ಪಾಠ ಶುರುವಾಗಬೇಕಿತ್ತು. ಮಳೆ ಬಿಡಲಿಲ್ಲ. ಬೆಂಗಳೂರು ನಗರ ಜಿಲ್ಲೆಯ ಶಾಲೆಗಳಿಗೆ ಜಿಲ್ಲಾಧಿಕಾರಿ ರಜೆ ಕೊಟ್ಟರು. ಅದಕ್ಕೆ ಐದು ದಿನ ಮೊದಲು, 16ರಂದು, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮಳೆ ಹಿಡಿದುಕೊಂಡಾಗಲೂ ಇಂಥದೇ ಆದೇಶ ಬಂದಿತ್ತು. ಅಂದು ರಾಜ್ಯ ಪಠ್ಯಕ್ರಮದ ಮಕ್ಕಳು ಆಗಲೇ ದಸರಾ ರಜೆಯಲ್ಲಿದ್ದರು. ಆದೇಶ ಉಪಯೋಗಕ್ಕೆ ಬಂದದ್ದು ಹೆಚ್ಚಾಗಿ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳವರಿಗೆ. ಕರಾವಳಿ, ಮಲೆನಾಡಿನವರಿಗೆ ಮಳೆ ರಜೆ ಮಾಮೂಲು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳಿಗೆ ಇನ್ನೂ ಹೊಸದು. ಹಾಗಾಗಿ ಹೈಸ್ಕೂಲು ಮಕ್ಕಳಿರುವ ಮನೆಗಳಲ್ಲಿ ಆ ದಿನವನ್ನು ಏನು ಮಾಡಬೇಕೆಂಬ ಬಗ್ಗೆ ಒಮ್ಮತವಿಲ್ಲ. ಎಸ್ಸೆಸ್ಸೆಲ್ಸಿ ವರ್ಷ, ಕೂತು ಓದಲಿ ಎನ್ನುವವರಿದ್ದಾರೆ. ಒಂದು ದಿನ ಮಲಗಲಿ ಬಿಡಿ ಎನ್ನುವವರೂ ಇದ್ದಾರೆ. ಒಂದು ದಿನದ ಮಳೆ ರಜೆಯಿಂದ ಈ ವಯಸ್ಸಿನ ಮಕ್ಕಳ ಕಲಿಕೆಗೆ ಆಗುವ ನಷ್ಟ ನಾವು ಹೆದರುವಷ್ಟಿಲ್ಲ, ಆ ದಿನವನ್ನು ಅವರ ಕೈಗೇ ಬಿಡುವುದು ಒಳ್ಳೆಯದು ಎಂಬುದು ಈ ಲೇಖನದ ವಾದ.

ಮಳೆ ರಜೆ ಹುಟ್ಟಿದ್ದು ವಿಶ್ರಾಂತಿಗಾಗಿ ಅಲ್ಲ, ಜೀವಭಯದಿಂದ. ಕರಾವಳಿಯ ಎಷ್ಟೋ ಮಕ್ಕಳು ಶಾಲೆಗೆ ಹೋಗಬೇಕಾದರೆ ತುಂಬಿ ಹರಿಯುವ ಹಳ್ಳದ ಮೇಲಿನ ಕಾಲುಸಂಕ ದಾಟಬೇಕು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಬೀಜಮಕ್ಕಿಯಲ್ಲಿ 2ನೇ ತರಗತಿಯ ಬಾಲಕಿಯೊಬ್ಬಳು ಶಾಲೆಯಿಂದ ಬರುವಾಗ ಅಂಥ ಕಾಲುಸಂಕದಿಂದ ಜಾರಿ ನೀರುಪಾಲಾದಳು. ರಜೆ ಕೊಡುವ ಅಧಿಕಾರಕ್ಕೆ ಕಾನೂನಿನ ಬಲ ಬಂದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಿಂದ. 2001ರ ಭುಜ್ ಭೂಕಂಪ, 2004ರ ಸುನಾಮಿಗಳ ಹಿನ್ನೆಲೆಯಲ್ಲಿ ಬಂದ ಆ ಕಾಯ್ದೆ ಜಿಲ್ಲೆಗೊಂದು ವಿಪತ್ತು ನಿರ್ವಹಣಾ ಪ್ರಾಧಿಕಾರ ಕಟ್ಟಿ, ಜಿಲ್ಲಾಧಿಕಾರಿಯನ್ನು ಅದರ ಅಧ್ಯಕ್ಷರನ್ನಾಗಿ ಮಾಡಿತು. ಮಳೆಯ ಲೆಕ್ಕ ಇಡುವ ವ್ಯವಸ್ಥೆಯೂ ಜೊತೆಜೊತೆಗೆ ಬೆಳೆಯಿತು. 1988ರಲ್ಲಿ ಬರದ ಮೇಲೆ ಕಣ್ಣಿಡಲು ಆರಂಭವಾದ ರಾಜ್ಯದ ಕೋಶವೇ 2007ರಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಇಂದು ಅದರ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಹವಾಮಾನ ಇಲಾಖೆಯ ಆರೆಂಜ್, ರೆಡ್ ಅಲರ್ಟ್‌ಗಳೂ ಸೇರಿ, ನಾಳಿನ ಮಳೆಗೆ ಇಂದೇ ರಜೆ ಕೊಡುವುದು ಸಾಧ್ಯವಾಯಿತು.

ಬೆಂಗಳೂರಿನ ಮಕ್ಕಳಿಗೆ ದಿಢೀರ್ ರಜೆ ಎಂದರೆ ಬಹುಕಾಲ ಬಂದ್ ಎಂದೇ ಅರ್ಥ. 1991ರ ಡಿಸೆಂಬರ್‌ನ ಕಾವೇರಿ ಗಲಭೆ, 2016ರ ಸೆಪ್ಟೆಂಬರ್‌ನ ಗಲಭೆ, 2023ರ ಸೆಪ್ಟೆಂಬರ್ 26 ಮತ್ತು 29ರ ಬಂದ್‌ಗಳು ಆ ಸಾಲಿನವು. ಬಂದ್ ದಿನ ಅಂಗಡಿ ಮುಚ್ಚಿರುತ್ತದೆ, ಟ್ಯೂಷನ್ನೂ ಇರುವುದಿಲ್ಲ, ಮಗುವನ್ನು ಎಲ್ಲಿಗೂ ಕಳಿಸುವ ಮಾತೇ ಇಲ್ಲ. ಮಳೆ ರಜೆ ಹಾಗಲ್ಲ. ಶಾಲೆಯೊಂದು ಮುಚ್ಚಿ ಊರೆಲ್ಲ ತೆರೆದಿರುತ್ತದೆ. ಮೇಲಾಗಿ ಬೆಂಗಳೂರಿನ ಸೆಪ್ಟೆಂಬರ್, ಅಕ್ಟೋಬರ್ ಮಳೆ ಕರಾವಳಿಯದರಂತೆ ಹಗಲೂ ರಾತ್ರಿ ಸುರಿಯುವುದು ಅಪರೂಪ. ಮಧ್ಯಾಹ್ನ ಮೋಡ ಕಟ್ಟಿ ಸಂಜೆಗೆ ಹೊಡೆಯುವುದೇ ಹೆಚ್ಚು. ರಾತ್ರಿ ರಜೆ ಘೋಷಿಸಿದ ಮೇಲೆ ಬೆಳಿಗ್ಗೆ ಬಿಸಿಲು ಬಿದ್ದರೆ, ರಜೆ ದಂಡವಾಯಿತು ಎಂದು ಪೋಷಕರಿಗೆ ಅನ್ನಿಸುತ್ತದೆ. ಆದರೆ ಅಪಾಯ ಇರುವುದು ಬೆಳಗಿನ ಎಂಟು ಗಂಟೆಗಲ್ಲ. ಸಂಜೆ ನಾಲ್ಕಕ್ಕೆ, ಸಿಲ್ಕ್ ಬೋರ್ಡ್ ಸುತ್ತ ನೀರು ನಿಂತು ಶಾಲಾ ವಾಹನಗಳು ಸಾಲುಗಟ್ಟುವ ಹೊತ್ತಿಗೆ. ಬೆಳಗಿನ ಬಿಸಿಲು ನೋಡಿ ಆದೇಶವನ್ನು ಹಳಿಯುವುದು ನ್ಯಾಯವಲ್ಲ.

ಹಾಗಾದರೆ ತಪ್ಪಿದ ಪಾಠ? ಇದಕ್ಕೆ ನಮ್ಮ ಜಿಲ್ಲೆಗಳಿಂದ ಅಂಕಿಅಂಶ ತೆಗೆದು ತೋರಿಸಲಾರೆ. ಹಿಮದ ರಜೆ ರೂಢಿಯಲ್ಲಿರುವ ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ಪರೀಕ್ಷಿಸಿದ್ದಾರೆ. ಅರ್ಥಶಾಸ್ತ್ರಜ್ಞ ಜೋಶುವಾ ಗುಡ್‌ಮನ್ 2014ರಲ್ಲಿ ಮ್ಯಾಸಚೂಸೆಟ್ಸ್ ಶಾಲೆಗಳ ದಾಖಲೆಗಳನ್ನು ಹಿಡಿದು ನೋಡಿದಾಗ, ಹಿಮಪಾತದಿಂದ ಶಾಲೆ ಪೂರ್ತಿ ಮುಚ್ಚಿದ ದಿನಗಳು ಮಕ್ಕಳ ಅಂಕಗಳನ್ನು ತಗ್ಗಿಸಿದ್ದು ಕಾಣಲಿಲ್ಲ. ಅಂಕ ಕುಸಿದದ್ದು ಶಾಲೆ ತೆರೆದಿದ್ದೂ ಕೆಲವು ಮಕ್ಕಳು ಬಾರದೆ ಹೋದಾಗ. ಕಾರಣ ಯಾವ ಮೇಷ್ಟರಿಗಾದರೂ ಗೊತ್ತಾಗುವಂಥದ್ದು. ಎಲ್ಲರಿಗೂ ರಜೆಯಾದರೆ ಪಾಠ ನಿಂತಲ್ಲಿಂದ ಮುಂದುವರಿಯುತ್ತದೆ. ಅರ್ಧ ತರಗತಿ ಬಂದಾಗ ಪಾಠ ಮಾಡಿದರೆ ಬಾರದವರು ಹಿಂದುಳಿಯುತ್ತಾರೆ, ಮಾಡದಿದ್ದರೆ ಬಂದವರ ದಿನ ವ್ಯರ್ಥ, ಮರುದಿನ ಮತ್ತೆ ಹೇಳಿದರೆ ಎಲ್ಲರ ಸಮಯವೂ ಹೋಗುತ್ತದೆ. ಇದನ್ನು ಬಿಟಿಎಂ ಲೇಔಟ್‌ಗೆ ಅನ್ವಯಿಸಿ ನೋಡಿ. ಆರೆಂಜ್ ಅಲರ್ಟ್ ಇದ್ದೂ ಜಿಲ್ಲಾಧಿಕಾರಿ ಸುಮ್ಮನಿದ್ದು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಕಳಿಸೋದಾ ಬೇಡ್ವಾ’ ಎಂಬ ಚರ್ಚೆ ನಡೆದು, ಹತ್ತಿರದ ಮಕ್ಕಳು ಬಂದು ದೂರದವರು ಬಾರದ ದಿನವೇ ಕಲಿಕೆಗೆ ದುಬಾರಿ. ಪೂರ್ತಿ ರಜೆಗಿಂತ ಈ ಅರೆಬರೆ ದಿನಕ್ಕೆ ನಾವು ಹೆಚ್ಚು ಹೆದರಬೇಕು.

ಇದಕ್ಕೆ ಎದುರಾಗಿ ನಿಲ್ಲುವ ಅಧ್ಯಯನವೂ ಇದೆ, ಅದನ್ನು ಮರೆಮಾಚಬಾರದು. ಡೇವ್ ಮಾರ್ಕಾಟ್ ಮತ್ತು ಸ್ಟೀವನ್ ಹೆಮೆಲ್ಟ್ 2008ರಲ್ಲಿ ಮೇರಿಲ್ಯಾಂಡ್ ರಾಜ್ಯದ ಬಗ್ಗೆ ಬರೆದದ್ದರ ಪ್ರಕಾರ, ಅನಿರೀಕ್ಷಿತ ರಜೆಗಳು ಹೆಚ್ಚಿದ ವರ್ಷಗಳಲ್ಲಿ ತೇರ್ಗಡೆಯಾಗುವ ಮಕ್ಕಳ ಪ್ರಮಾಣ ಇಳಿದಿತ್ತು. ಪರಿಣಾಮ ಕೆಳಗಿನ ತರಗತಿಗಳಲ್ಲಿ ಹೆಚ್ಚು ಕಂಡಿತು. ಇದರಿಂದ ನಾನು ತಿಳಿಯುವುದು ಇಷ್ಟು: ರಜೆಗಳು ಒಂದರ ಮೇಲೊಂದು ಸೇರಿಕೊಂಡಾಗ, ಅದರಲ್ಲೂ ಚಿಕ್ಕ ಮಕ್ಕಳಿಗೆ, ನಷ್ಟ ನಿಜ. ಜೂನ್, ಜುಲೈಗಳಲ್ಲಿ ಮೇಲಿಂದ ಮೇಲೆ ರಜೆ ಕೊಡಬೇಕಾಗುವ ದಕ್ಷಿಣ ಕನ್ನಡ, ಕೊಡಗುಗಳಿಗೆ ಈ ಎಚ್ಚರಿಕೆ ಸಲ್ಲುತ್ತದೆ. ಅಲ್ಲಿ ವಾರ್ಷಿಕ ವೇಳಾಪಟ್ಟಿಯನ್ನೇ ಮಳೆಗೆ ಹೊಂದಿಸುವ ಯೋಚನೆ ಬೇಕು. ಕೇರಳದ ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿ 2025ರಲ್ಲಿ ಬೇಸಿಗೆ ರಜೆಯನ್ನು ಜೂನ್, ಜುಲೈಗೆ ಸರಿಸುವ ಚರ್ಚೆಯನ್ನು ಮುಂದಿಟ್ಟದ್ದು ಇದೇ ಕಾರಣಕ್ಕೆ. ವರ್ಷಕ್ಕೆ ಬೆರಳೆಣಿಕೆಯಷ್ಟು ಮಳೆ ರಜೆ ಸಿಗುವ ಬನಶಂಕರಿಯ 9ನೇ ತರಗತಿಯ ಹುಡುಗಿಗೆ ಅದೇ ಲೆಕ್ಕ ಹೊಂದುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ಕೇಳುವುದು ವರ್ಷಕ್ಕೆ ಕನಿಷ್ಠ 220 ದಿನ. ನಮ್ಮ ವೇಳಾಪಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ದಿನಗಳಿವೆ.

ಆದರೂ ಆ ಒಂದು ದಿನವನ್ನು ನಾವು ಖಾಲಿ ಬಿಡುವುದಿಲ್ಲ. ಶಾಲೆ ಬೆಳಿಗ್ಗೆಯೇ ಆನ್‌ಲೈನ್ ತರಗತಿ ಇಡುತ್ತದೆ, ಟ್ಯೂಷನ್‌ನವರು ಸಂಜೆಯ ಪಾಠವನ್ನು ಬೆಳಿಗ್ಗೆಗೆ ಎಳೆಯುತ್ತಾರೆ, ಕೊನೆಗೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ‘ಸರಿದೂಗಿಸುವ’ ತರಗತಿ ಬರುತ್ತದೆ. ಒಂದು ರಜೆಗೆ ಮಗು ಹೀಗೆ ಮೂರು ಸಲ ಬೆಲೆ ತೆರುತ್ತದೆ. ನ್ಯೂಯಾರ್ಕ್ ನಗರವೂ 2020ರಲ್ಲಿ ಹಿಮದ ರಜೆಯನ್ನು ತೆಗೆದು ಮನೆಯಿಂದಲೇ ಪಾಠವೆಂದಿತು. 2024ರ ಫೆಬ್ರುವರಿ 13ರಂದು ಹಿಮ ಬಿದ್ದಾಗ ಎಷ್ಟೋ ಮಕ್ಕಳು, ಶಿಕ್ಷಕರು ಲಾಗಿನ್ ಆಗಲಾರದೆ ಒದ್ದಾಡಿದರು. ಪಾಠವೂ ನೆಟ್ಟಗಾಗಲಿಲ್ಲ, ರಜೆಯೂ ಸಿಗಲಿಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ ಹೇಳುತ್ತದೆ. ಸಂಜೆ ಟ್ಯೂಷನ್ ಮುಗಿಸಿ, ಹೋಂವರ್ಕ್ ಬರೆದು, ಬೆಳಿಗ್ಗೆ ಏಳಕ್ಕೆ ಶಾಲಾ ಬಸ್ಸಿಗೆ ನಿಲ್ಲುವ ಮಗುವಿಗೆ ಅಷ್ಟು ನಿದ್ದೆ ಹೇಗೆ ಬರಬೇಕು? ದಸರಾ ರಜೆ ಈಗ ತಾನೇ ಮುಗಿದಿತ್ತಲ್ಲ, ಮತ್ತೇಕೆ ವಿಶ್ರಾಂತಿ ಎಂದು ಅಕ್ಟೋಬರ್ 21ರಂಥ ದಿನದ ಬಗ್ಗೆ ಕೇಳಬಹುದು. ಮೊದಲೇ ಗೊತ್ತಿರುವ ರಜೆ ಹಿರಿಯರ ಯೋಜನೆಗಳಿಂದ, ಪ್ರಾಜೆಕ್ಟು, ವಿಶೇಷ ತರಗತಿಗಳಿಂದ ತುಂಬಿರುತ್ತದೆ. ಯಾರೂ ಯೋಜಿಸದ ದಿನ ಮಾತ್ರ ಮಗುವಿನ ಸ್ವಂತದ್ದು. ಓದಬೇಕೆನಿಸಿದವರು ಓದುತ್ತಾರೆ, ಹಿಂದೆ ಅರ್ಥವಾಗದ ಪಾಠವನ್ನು ಯಾರ ಅವಸರವೂ ಇಲ್ಲದೆ ತೆರೆದು ನೋಡುವವರೂ ಇರುತ್ತಾರೆ. ಇಡೀ ದಿನ ಮೊಬೈಲ್ ಹಿಡಿದು ಕೂರುತ್ತಾರೆ ಎಂಬ ಆತಂಕ ಸುಳ್ಳಲ್ಲ. ಅದಕ್ಕೆ ಉತ್ತರವಾಗಿ ಬೆಳಿಗ್ಗೆ ನಾಲ್ಕು ಗಂಟೆ ಆನ್‌ಲೈನ್ ತರಗತಿ ಇಟ್ಟರೆ ಅದೇ ಪರದೆಯನ್ನು ನಾವೇ ಕೈಗಿತ್ತಂತೆ.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಒಂದಿದೆ: ಮಳೆ ರಜೆ ಎಲ್ಲ ಮನೆಗಳಲ್ಲೂ ಒಂದೇ ಅಲ್ಲ. ಜಯನಗರದ ಮಹಡಿ ಮನೆಯಲ್ಲಿ ಅದು ಹೊದ್ದು ಮಲಗುವ ದಿನ. ತಗ್ಗಿನ ಬಾಡಿಗೆ ಕೋಣೆಯಲ್ಲಿ ನೀರು ಎತ್ತಿ ಹೊರಗೆ ಚೆಲ್ಲುವ ದಿನ. 2025ರ ಮೇ 19ರಂದು ಬಿಟಿಎಂ 2ನೇ ಹಂತದ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯಿಂದ ಮಳೆನೀರು ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು, ಒಬ್ಬನಿಗೆ ಇನ್ನೂ 12 ವರ್ಷ. ಶಾಲೆ ಮುಚ್ಚಿದ ಮಾತ್ರಕ್ಕೆ ಮಗು ಸುರಕ್ಷಿತ ಎಂದುಕೊಳ್ಳುವಂತಿಲ್ಲ. ಸರ್ಕಾರಿ ಹೈಸ್ಕೂಲಿನ ಮಕ್ಕಳಿಗೆ ಅಂದು ಬಿಸಿಯೂಟವೂ ತಪ್ಪುತ್ತದೆ. ಹಾಗೆಂದು ಅವರನ್ನು ಮಳೆಯಲ್ಲಿ ಕರೆಸಿಕೊಳ್ಳುವುದು ಪರಿಹಾರವಲ್ಲ. ಆದೇಶ ಹಿಂದಿನ ಸಂಜೆಯೇ ಬರಲಿ, ದೂರದಲ್ಲಿ ಕೆಲಸಕ್ಕೆ ಹೋಗುವ ತಾಯಂದಿರಿಗೆ ಏರ್ಪಾಡು ಮಾಡಿಕೊಳ್ಳಲು ರಾತ್ರಿಯಾದರೂ ಸಿಗಲಿ. ಸರಿದೂಗಿಸಲೇಬೇಕಿದ್ದರೆ ಭಾನುವಾರವನ್ನು ಮುಟ್ಟದಿರಲಿ. ಊಟದ ವಿಷಯಕ್ಕೆ ದಾರಿ ನಮ್ಮಲ್ಲೇ ಇದೆ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಬಿಸಿಯೂಟದ ಬದಲು ಅಕ್ಕಿ, ಬೇಳೆಯನ್ನು ಅಳೆದು ಮಕ್ಕಳ ಮನೆಗಳಿಗೆ ಕೊಟ್ಟ ರಾಜ್ಯ ಇದು. ಮಳೆಗೆ ಮುಚ್ಚಿದ ದಿನಗಳ ಪಾಲನ್ನು ತಿಂಗಳ ಕೊನೆಗೆ ಅದೇ ರೀತಿ ಅಳೆದು ಕೊಡಲು ಹೊಸ ಯೋಜನೆಯೇನೂ ಬೇಕಿಲ್ಲ.